ಒಂದು ಹಿಡಿ ಬಾಳೆನಾರು

ನನ್ನ ಓರಗಿತ್ತಿಯ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಇತ್ತು ಎನ್ನುವುದೂ ಮರ್ಯಾದೆಗೆ ಹೇಳುವ ಮಾತು. ಈಗಲೂ ಅವಳು ಬಾಗಿಲಲ್ಲಿ ಕಾಣಿಸಿಕೊಂಡರೆ ನನ್ನ ಕಣ್ಣು ಮೊದಲು ಹೋಗುವುದು ಅವಳ ಬೆರಳುಗಳ ಮೇಲೆ. ಬೇರೆಯವರ ಬಂಗಾರಕ್ಕೋ ಸೀರೆಗೋ ಆಸೆಪಟ್ಟವಳಲ್ಲ ನಾನು. ಆ ಹತ್ತು ಬೆರಳುಗಳನ್ನು ಮಾತ್ರ ದೇವರು ತಪ್ಪಿ ಅವಳಿಗೆ ಕೊಟ್ಟುಬಿಟ್ಟ, ಅವು ನನಗೆ ಬರಬೇಕಾಗಿದ್ದವು ಎಂದು ಎಷ್ಟು ಸಲ ಅಂದುಕೊಂಡೆನೋ ಗೊತ್ತಿಲ್ಲ.

ನಾವಿದ್ದದ್ದು ಕಾಪುವಿನಿಂದ ಒಳಗೆ, ಶಂಕರಪುರದ ಕಡೆಗೆ ಹೋಗುವ ರಸ್ತೆಯ ಪಕ್ಕ. ಮನೆಯೊಳಗೆ ಕನ್ನಡ, ಅಂಗಳಕ್ಕಿಳಿದರೆ ತುಳು, ಭಾನುವಾರ ನಮ್ಮ ಕ್ರೈಸ್ತ ದೇವಾಲಯದಲ್ಲಿ ಮತ್ತೆ ಕನ್ನಡ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಗಂಡ ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಮನೆಯ ಹಿಂದೆ ಅತ್ತೆ ನೆಟ್ಟು ಬೆಳೆಸಿದ್ದ ಮಲ್ಲಿಗೆ ತೋಟ ಇತ್ತು. ಬಂದ ಮರುವಾರವೇ ಅದು ನನ್ನ ಪಾಲಿಗೆ ಬಂತು.

ಮಲ್ಲಿಗೆ ಕೃಷಿ ಎಂದರೆ ಪರಿಮಳದ ಕೆಲಸ ಎಂದುಕೊಳ್ಳುವವರು ಉಡುಪಿ ಪೇಟೆಯಲ್ಲಿ ಹೂ ಕೊಂಡು ಮುಡಿಯುವವರು. ಬೆಳಕು ಹರಿಯುವ ಮೊದಲೇ ಗಿಡಗಳ ನಡುವೆ ಬಗ್ಗಿ ನಿಲ್ಲಬೇಕು. ಆ ದಿನ ಸಂಜೆ ಅರಳುವ ಬಿಳಿ ಮೊಗ್ಗನ್ನು ಮಾತ್ರ ಕೀಳಬೇಕು, ಇನ್ನೂ ಹಸಿರಾಗಿರುವುದನ್ನು ಮುಟ್ಟಬಾರದು. ಕೂಡಲೇ ಕೂತು ಬಾಳೆನಾರಿನಲ್ಲಿ ಕಟ್ಟಿ ಚೆಂಡು ಸುತ್ತಬೇಕು. ಹೂವಿನ ಏಜೆಂಟ್ ಸೈಕಲ್ಲಿನಲ್ಲಿ ಬಂದು ರಸ್ತೆಯಲ್ಲಿ ಬೆಲ್ ಹೊಡೆಯುತ್ತಾನೆ. ಅವನು ಹೋದಮೇಲೆ ನಿಮ್ಮ ಹೂವಿಗೆ ಕಾಸಿನ ಬೆಲೆಯೂ ಇಲ್ಲ. ಗೇರುಬೀಜವನ್ನು ಒಣಗಿಸಿ ಇಡಬಹುದು, ತೆಂಗಿನಕಾಯಿ ಅಟ್ಟದಲ್ಲಿ ಹಾಕಬಹುದು. ಮಲ್ಲಿಗೆ ಮೊಗ್ಗಿಗೆ ಸಂಜೆಯಾದರೆ ತೀರಿತು.

ಹೀಗಿದ್ದರಿಂದಲೇ ಆ ಕೆಲಸ ನನಗೆ ಹಿಡಿಸಿತ್ತು. ನನ್ನ ತವರು ಉಡುಪಿ. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು, ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ನಾವು ಯಾವುದಾದರೂ ಕೆಲಸವನ್ನು ನಾಳೆ ಮಾಡುತ್ತೇವೆ ಎಂದರೆ ಸಾಕು, "ನಾಳೆ ಎಂತ ನಿನ್ನ ಅಪ್ಪನ ಆಸ್ತಿಯಾ? ಅದು ದೇವರದ್ದು, ಅಲ್ಲಿ ನಿನ್ನ ಕಸ ಹಾಕಬೇಡ" ಎನ್ನುತ್ತಿದ್ದರು. ನನ್ನ ಅಪ್ಪನೇ ನಿನ್ನ ಅಪ್ಪನ ಆಸ್ತಿಯಾ ಎಂದು ಕೇಳುವುದು ನಮಗೆ ನಗು ತರಿಸುತ್ತಿತ್ತು. ಆದರೆ ಮಾತು ಒಳಗೆ ಇಳಿದಿತ್ತು. ನಾನು ದಿನದ ಪಾತ್ರೆ ದಿನಕ್ಕೇ ತೊಳೆದವಳು, ಬಂದ ಕಾಗದಕ್ಕೆ ಅಂದೇ ಉತ್ತರ ಬರೆದವಳು. ಭಾನುವಾರ ದುಡಿಯಬಾರದು ಎಂದು ನಮ್ಮ ಮನೆಯಲ್ಲಿ ನಿಯಮ. ಗಿಡಕ್ಕೆ ಆ ನಿಯಮ ಗೊತ್ತಿಲ್ಲವಲ್ಲ! ಗುಂಡಿಗೆ ಬಿದ್ದ ಕುರಿಯನ್ನು ಸಬ್ಬತ್ ದಿನವೂ ಮೇಲೆತ್ತಬಹುದು ಎಂದು ಯೇಸುಸ್ವಾಮಿ ಹೇಳಿದ್ದನ್ನು ನೆನಪಿಸಿಕೊಂಡು, ಭಾನುವಾರವೂ ಮೊಗ್ಗು ಕಿತ್ತು ಕಟ್ಟಿಕೊಟ್ಟು, ಸ್ನಾನ ಮಾಡಿ, ಎಲ್ಲರಿಗಿಂತ ಮೊದಲು ದೇವಾಲಯದ ಬೆಂಚಿನಲ್ಲಿ ಕೂತಿರುತ್ತಿದ್ದೆ.

ಎರಡು ಮಳೆಗಾಲ ಕಳೆದ ಮೇಲೆ ಮೈದುನನ ಮದುವೆಯಾಯಿತು. ಅವನು ಉಡುಪಿಯ ಒಂದು ಜವಳಿ ಅಂಗಡಿಯಲ್ಲಿದ್ದ. ಕಿರಿಯವಳು ಬಂದಳು. ಒಂದೇ ಮನೆ ಸಾಲದೆ ನಾವು ಅದೇ ಹಿತ್ತಲಲ್ಲಿ ಸಣ್ಣ ಹೆಂಚಿನ ಮನೆ ಕಟ್ಟಿಕೊಂಡೆವು. ನಡುವೆ ಎದೆಮಟ್ಟದ ಮಣ್ಣಿನ ಗೋಡೆ, ನಮ್ಮ ಮಾತಿನಲ್ಲಿ ಪಾಗಾರ, ಎದ್ದಿತು. ತೋಟ ಅರ್ಧರ್ಧ ಆಯಿತು.

ಕಿರಿಯವಳ ಸ್ವಭಾವ ನಾನು ಏನು ಹೇಳಲಿ! ಒಗೆದ ಬಟ್ಟೆ ಬಕೆಟ್ಟಿನಲ್ಲೇ ಮಧ್ಯಾಹ್ನದವರೆಗೆ ಕೂತಿರುತ್ತಿತ್ತು. ಸೆಗಣಿಗೊಬ್ಬರ ರಾಶಿ ಹಾಕಿಸಿಕೊಂಡು ಅದು ಒಣಗಿ ಹುಡಿಯಾದ ಮೇಲೆ ಗಿಡಕ್ಕೆ ಹಾಕುತ್ತಿದ್ದಳು. ಒಡೆದ ಹೆಂಚು ಒಂದು ಇಡೀ ಮಳೆಗಾಲ ಒಡೆದೇ ಇತ್ತು, ಅದರಡಿಗೆ ಒಂದು ತಪಲೆ ಇಟ್ಟು ಸಮಾಧಾನವಾಗಿದ್ದಳು. ಕೇಳಿದರೆ "ಮಾಡುವ ಅಕ್ಕ, ಎಲ್ಲಿ ಓಡಿ ಹೋಗ್ತದೆ?" ಎಂದು ನಗು. ಆ ನಗುವಿಗೆ ಯಾರೂ ಅವಳ ಮೇಲೆ ಸಿಟ್ಟುಮಾಡುತ್ತಿರಲಿಲ್ಲ ಎನ್ನುವುದೇ ನನಗೆ ಸಿಟ್ಟು.

ಪ್ರತಿ ಬೆಳಿಗ್ಗೆ ನಾನು ಮೊಗ್ಗಿನ ಬುಟ್ಟಿ ಕೆಳಗಿಟ್ಟು ಕೂರುವ ಹೊತ್ತಿಗೆ ಸರಿಯಾಗಿ ಪಾಗಾರದ ಮೇಲೆ ಅವಳ ತಲೆ ಏಳುತ್ತಿತ್ತು.

"ಅಕ್ಕಾ, ಒಂದು ಹಿಡಿ ಬಾಳೆನಾರು ಉಂಟಾ?"

ಉಂಟು. ಯಾಕೆ ಇರುವುದಿಲ್ಲ? ಗೊನೆ ಕಡಿದ ಬಾಳೆಯ ಹೊರಪಟ್ಟೆಯನ್ನು ಸುಲಿದು ನೆರಳಲ್ಲಿ ಒಣಗಿಸಿ, ಹಿಂದಿನ ಸಂಜೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟವಳು ನಾನು. ಜಾಸ್ತಿ ಒಣಗಿದರೆ ತುಂಡಾಗುತ್ತದೆ, ಜಾಸ್ತಿ ನೆನೆದರೆ ಗಂಟು ಜಾರುತ್ತದೆ. ಹದವಾಗಿ ನೆನೆದದ್ದನ್ನು ಉಗುರಿನಿಂದ ಕೂದಲಿನಷ್ಟು ತೆಳ್ಳಗೆ ಸೀಳಬೇಕು. ಕಟ್ಟಿದ ಹೂವಿನಲ್ಲಿ ನಾರು ಕಾಣಬಾರದು. ಅಷ್ಟು ಮಾಡಿಟ್ಟ ನಾರನ್ನು ಕಿರಿಯವಳು ಪಾಗಾರದಾಚೆಯಿಂದ ಕೈನೀಡಿ ತೆಗೆದುಕೊಂಡು ಹೋಗುವಳು. ಆಚೀಚೆ ಮನೆಯವರಿಗೆಲ್ಲ ಅವಳ ಕೂಗು ಕೇಳುತ್ತಿತ್ತು. ನಾಚಿಕೆಯೂ ಇಲ್ಲವಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡು ಕೊಡುತ್ತಿದ್ದೆ.

ಕೊಟ್ಟ ಮೇಲೆ ಆಗುತ್ತಿದ್ದದ್ದು ಇನ್ನೂ ಮೈ ಉರಿಸುವಂಥದು. ತಡವಾಗಿ ಕೂತವಳು ನನಗಿಂತ ಮೊದಲು ಏಳುತ್ತಿದ್ದಳು! ಅವಳ ಬೆರಳು ಹೇಗೆ ಓಡುತ್ತಿತ್ತು ಎಂದರೆ ಮೊಗ್ಗು ತಾನಾಗಿ ಹೋಗಿ ನಾರಿನಲ್ಲಿ ಸಾಲಾಗಿ ನಿಲ್ಲುತ್ತದೆಯೋ ಎಂದು ಕಾಣುತ್ತಿತ್ತು. ಒತ್ತು ಒತ್ತಾಗಿ, ಎಲ್ಲಾ ಮೊಗ್ಗಿನ ಮುಖ ಒಂದೇ ಕಡೆಗೆ. ನನ್ನದು ಬಿಗಿಯಾಗಿರುತ್ತಿತ್ತು, ಗಟ್ಟಿಯಾಗಿರುತ್ತಿತ್ತು, ಬಾವಿಯ ಹಗ್ಗಕ್ಕೆ ಹೂ ಸಿಕ್ಕಿಸಿದ ಹಾಗೆ. ನಾನು ಕಲಿಯಲು ಮಾಡದ ಪ್ರಯತ್ನವಿಲ್ಲ. ಗಂಡ ಕೆಲಸಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ನೆಲ್ಲಿಎಲೆಯ ದಂಟು, ಹುಲ್ಲಿನ ಕಡ್ಡಿ, ಸಿಕ್ಕಿದ್ದನ್ನೆಲ್ಲ ಕಟ್ಟಿ ಅಭ್ಯಾಸ ಮಾಡಿದೆ. ಕೈ ಬರಲಿಲ್ಲ. ಏಜೆಂಟ್ ನನ್ನ ಚೆಂಡನ್ನು ಬುಟ್ಟಿಗೆ ಹಾಕುವುದು, ಅವಳದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ಮದುವೆಮನೆಗೆ ಆಗ್ತದೆ ಮಾರಾಯ್ರೆ" ಎಂದು ಬೇರೆ ಇಡುವುದು. ನಾನು ಅಲ್ಲೇ ನಿಂತಿರುತ್ತಿದ್ದೆ.

ಏಜೆಂಟ್ ಏನಾದರೂ ಹೇಳಿಕೊಳ್ಳಲಿ. ನನಗೆ ಬೇಕಾಗಿದ್ದದ್ದು ಅತ್ತೆಯ ಬಾಯಿಂದ ಒಂದು ಮಾತು.

ಅತ್ತೆ ಸ್ವರ ಏರಿಸಿ ಮಾತಾಡಿದವರಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಆ ತೋಟದಿಂದಲೇ ಮೂರು ಮಕ್ಕಳನ್ನು ಓದಿಸಿದವರು. ಅಂಥವರು ನನ್ನ ಕೆಲಸ ನೋಡಿ ಒಮ್ಮೆ, ಒಂದೇ ಒಂದು ಸಲ, ಚೆನ್ನಾಗಿ ಮಾಡಿದ್ದೀ ಎಂದಿದ್ದರೆ ನಾನು ಇನ್ನೂ ಹತ್ತು ಗಿಡ ನೆಡುತ್ತಿದ್ದೆ. ನಾವು ಬೇರೆ ಮನೆ ಮಾಡಿದಾಗ ಅತ್ತೆ ನಮ್ಮೊಂದಿಗೆ ಬರುತ್ತಾರೆ ಎಂದು ನಾನು ಬೆಳಕಿರುವ ಕೋಣೆ ಅವರಿಗೆಂದು ಇಟ್ಟಿದ್ದೆ. ದೊಡ್ಡ ಮಗನ ಮನೆ, ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಪ್ರಾರ್ಥನೆ. ಅವರು ಕೋಣೆ ನೋಡಿದರು, ಕಿಟಕಿ ತೆರೆದು ಮುಚ್ಚಿದರು.

"ನಾನು ಅಲ್ಲೇ ಇರ್ತೇನೆ," ಎಂದರು. "ನಿನಗೆ ನನ್ನಿಂದ ಎಂತ ಆಗಬೇಕಾದ್ದುಂಟು?"

ಆ ಕೋಣೆಯಲ್ಲಿ ನಾನು ಕೊನೆಗೆ ಬಾಳೆಪಟ್ಟೆ ಒಣಗಿಸಲು ಹಾಕಿದೆ. ಪಾಗಾರದಾಚೆ ಸಂಜೆ ಅತ್ತೆ, ಸೊಸೆ ಮೆಟ್ಟಿಲಲ್ಲಿ ಕೂತು ಗುಸುಗುಸು ಮಾತಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅಷ್ಟೊಂದು ಏನು ಮಾತು ಎಂದು ನನ್ನ ಹೊಟ್ಟೆಯೊಳಗೆ ಕೆಂಡ ಸುರಿದ ಹಾಗಾಗುತ್ತಿತ್ತು. ಪ್ರಾರ್ಥನೆಗೆ ಮೊಣಕಾಲೂರಿದರೆ ಎಲ್ಲರ ಹೆಸರು ಬರುತ್ತಿತ್ತು, ಅವಳ ಹೆಸರು ಬರುವಲ್ಲಿ ನಾಲಿಗೆ ಎಡವುತ್ತಿತ್ತು.

ಒಂದು ಭಾನುವಾರ ಸಭಾಪಾಲಕರಾದ ಅಯ್ಯನವರು ಪ್ರಸಂಗಕ್ಕೆ ಹತ್ತು ಮಂದಿ ಕನ್ಯೆಯರ ಸಾಮ್ಯದ ಕಥೆ ತೆಗೆದುಕೊಂಡರು. ಮದುಮಗ ಬರುವುದು ತಡವಾಗುತ್ತದೆ. ಐದು ಜನರ ದೀಪಕ್ಕೆ ಎಣ್ಣೆ ಇಲ್ಲ. ಉಳಿದ ಐದು ಜನರ ಹತ್ತಿರ ಕೇಳುತ್ತಾರೆ, ಅವರು ಕೊಡುವುದಿಲ್ಲ, ಅಂಗಡಿಗೆ ಹೋಗಿ ತನ್ನಿ ಎನ್ನುತ್ತಾರೆ. ಇವರು ತಂದು ಬರುವಾಗ ಬಾಗಿಲು ಹಾಕಿಯಾಗಿರುತ್ತದೆ. ನನಗೆ ಆ ದಿನ ಪ್ರಸಂಗ ಕೇಳಿ ಆದ ಆನಂದ ಅಷ್ಟಿಷ್ಟಲ್ಲ. ಜೇನು ಕುಡಿದ ಹಾಗೆ ಕೂತಿದ್ದೆ. ಎರಡು ಬೆಂಚು ಹಿಂದೆ ಇದ್ದವಳ ಕಡೆಗೆ ತಿರುಗಿ ನೋಡಬಾರದೆಂದು ಕುತ್ತಿಗೆ ಗಟ್ಟಿ ಮಾಡಿಕೊಂಡಿದ್ದೆ, ಆದರೂ ತಿರುಗಿತು.

ಹೊರಗೆ ಬಂದಾಗ ಕಿರಿಯವಳೇ ಹತ್ತಿರ ಬಂದಳು. "ಅಕ್ಕ, ನಾನಾಗಿದ್ರೆ ಆ ಎಣ್ಣೆ ಕೊಟ್ಟುಬಿಡ್ತಿದ್ದೆ, ಅಲ್ವಾ?"

"ಕೊಡ್ಲಿಕ್ಕೆ ನಿನ್ನ ಹತ್ರ ಎಣ್ಣೆ ಇರಬೇಕಲ್ಲ ಮಾರಾಯ್ತಿ," ಎಂದೆ.

ಅವಳು ನಕ್ಕಳು. ನಾನು ನಗಲಿಲ್ಲ. ಅತ್ತೆ ನಮ್ಮಿಬ್ಬರನ್ನೂ ನೋಡಿದರು, ಕೊಡೆ ಬಿಡಿಸಿಕೊಂಡು ಮುಂದೆ ನಡೆದರು.

ಎಂಬತ್ತರ ದಶಕ ಶುರುವಾದ ಮೇಲೆ ನಾದಿನಿಗೆ ಗಂಡು ಸಿಕ್ಕಿತು. ಅವಳು ಕಾರ್ಕಳದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಳು, ಗಂಡಿನ ಮನೆಯೂ ಅಲ್ಲೇ. ಮದುವೆ ಕಾರ್ಕಳದ ದೇವಾಲಯದಲ್ಲಿ, ಬೆಳಿಗ್ಗೆ ಹತ್ತೂವರೆಗೆ ಎಂದು ನಿಶ್ಚಯವಾಯಿತು. ಅತ್ತೆಯ ಒಬ್ಬಳೇ ಮಗಳು. ಅವಳ ಮುಡಿಯ ಹೂ ಮನೆಯ ಗಿಡದ್ದೇ ಆಗಬೇಕು, ಮನೆಯವರ ಕೈಯಿಂದಲೇ ಕಟ್ಟಬೇಕು ಎಂದು ಅತ್ತೆಗೆ ಆಸೆ. ನಾನು ಒಳಗೊಳಗೇ ತೀರ್ಮಾನ ಮಾಡಿಯಾಗಿತ್ತು. ದೊಡ್ಡ ಸೊಸೆ ನಾನು. ಇಷ್ಟು ವರ್ಷ ಒಂದು ದಿನವೂ ಏಜೆಂಟನ ಬೆಲ್ ತಪ್ಪಿಸಿದವಳಲ್ಲ. ಈ ಒಂದು ಕೆಲಸ ಅತ್ತೆ ನನಗೆ ಕೊಟ್ಟರೆ ಹೊಗಳಿಕೆಯ ಮಾತೂ ಬೇಡ, ಕೊಟ್ಟದ್ದೇ ಮಾತು.

ಅತ್ತೆ ಇಬ್ಬರನ್ನೂ ಕರೆದು ಕೂರಿಸಿದರು. "ನೀನು ಅಡುಗೆಯವರನ್ನು, ವ್ಯಾನನ್ನು, ನೆಂಟರನ್ನು ನೋಡಿಕೋ," ಎಂದು ನನಗೆ ಹೇಳಿದರು. "ಹೂ ಇವಳು ಕಟ್ಟಲಿ."

ನಾನು "ಆಯ್ತು ಅತ್ತೆ" ಎಂದೆ. ಮನೆಗೆ ಬಂದು ಒಂದು ಕೊಡಪಾನ ನೀರು ಎತ್ತಿ ಬೇಕೆಂದೇ ಕಲ್ಲಿನ ಮೇಲೆ ಕುಕ್ಕಿದೆ. ಗಂಡ ಏನಾಯಿತೆಂದು ಕೇಳಿದರು. ಕೊಡಪಾನ ಜಾರಿತು ಎಂದೆ. ವ್ಯಾನು, ನೆಂಟರು, ಅಡುಗೆ! ಕತ್ತೆಗೆ ಹೊರೆ, ಅವಳಿಗೆ ಹೂವು. ಅಷ್ಟೂ ದಿನ ದುಡಿದದ್ದೆಲ್ಲ ಯಾರ ಕಣ್ಣಿಗೂ ಬೀಳಲೇ ಇಲ್ಲವೇ ಎಂದು ನಾನು ಅಡಿಗೆಮನೆಯ ಹೊಗೆಯ ನೆಪದಲ್ಲಿ ಕಣ್ಣೀರು ಹಾಕಿದೆ.

ಮದುವೆಯ ಮುಂಚಿನ ದಿನ, ಇನ್ನೂ ಬಿಸಿಲಿರುವಾಗಲೇ, ಪಾಗಾರದ ಮೇಲೆ ತಲೆ ಎದ್ದಿತು. ನನಗೆ ಆಶ್ಚರ್ಯವಾಯಿತು. ಅವಳು ಹೊತ್ತಿಗೆ ಮೊದಲು ಏನನ್ನಾದರೂ ಕೇಳಲು ಬಂದದ್ದು ಅದೇ ಮೊದಲು.

"ಅಕ್ಕಾ, ನಾಳೆಗೆ ನಾರು ಜಾಸ್ತಿ ಬೇಕಾಗ್ತದೆ. ಈಗಲೇ ಕೊಟ್ರೆ ನಾನು ಸೀಳಿ ಇಡ್ತಿದ್ದೆ."

ನನ್ನ ಕೋಣೆಯಲ್ಲಿ ಮೂರು ಮನೆಯ ಮದುವೆಗೆ ಸಾಲುವಷ್ಟು ಪಟ್ಟೆ ಇತ್ತು. "ಈಗ ಪುರುಸೊತ್ತಿಲ್ಲ," ಎಂದೆ. "ನಾಳೆ ನೋಡುವ."

ಅವಳು ತಿರುಗಿ ಹೋದಳು. ನಾಳೆ ಎಂಬ ಶಬ್ದ ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ನೋಡಿ ನನಗೇ ಗಾಬರಿ. ಅಪ್ಪ ಕೇಳಿದ್ದರೆ! ಆದರೆ ಮನಸ್ಸಿಗೆ ಒಂದು ಕೆಟ್ಟ ಸಮಾಧಾನವೂ ಆಯಿತು. ಆ ಐದು ಮಂದಿ ಬುದ್ಧಿವಂತೆಯರು ಎಣ್ಣೆ ಕೊಟ್ಟರೇ? ಇಲ್ಲವಲ್ಲ. ಅವರನ್ನು ಯಾರಾದರೂ ಬೈದರೇ? ಒಳಗೆ ಕರೆದು ಔತಣಕ್ಕೆ ಕೂರಿಸಿದರು. ಬೆರಳಿನ ಚಳಕ ಇದ್ದವಳು ಅದರಿಂದಲೇ ಹೂ ಕಟ್ಟಿಕೊಳ್ಳಲಿ ಎಂದುಕೊಂಡೆ.

ಮರುದಿನ ಬೆಳಕು ಹರಿಯುವ ಮೊದಲು ಎದ್ದೆ. ನನ್ನ ಗಿಡದ ಮೊಗ್ಗು ಕಿತ್ತು ಬುಟ್ಟಿ ತುಂಬಿಸಿ ಅವರ ಅಂಗಳಕ್ಕೆ ಕಳಿಸಿದೆ. ಅಡುಗೆಯವರಿಗೆ ಕಾಫಿ ಕೊಟ್ಟೆ. ಪಾಗಾರದಿಂದ ಇನ್ನೂ ಕೂಗು ಬರಲಿಲ್ಲ. ನೆಂಟರ ಮಕ್ಕಳಿಗೆ ತಲೆ ಬಾಚಿದೆ. ಕೂಗು ಬರಲಿಲ್ಲ. ಎಂಟೂವರೆಗೆ ವ್ಯಾನು ಹೊರಡಬೇಕು. ಬಿಸಿಲು ತೆಂಗಿನ ಗರಿಗೆ ತಾಗಿದ್ದನ್ನು ನೋಡಿದೆ. ಕೊನೆಗೆ ತಡೆಯಲಾರದೆ ನಾನೇ ಪಾಗಾರದ ಹತ್ತಿರ ಹೋಗಿ ಇಣುಕಿದೆ.

ಕಿರಿಯವಳು ಹಿಂದಿನ ಜಗಲಿಯಲ್ಲಿ ಕೂತಿದ್ದಳು. ಮುಂದೆ ಚಾಪೆಯ ಮೇಲೆ ಎರಡು ತೋಟದ ಮೊಗ್ಗು ಬೆಳ್ಳಗೆ ರಾಶಿ. ಕೈಯಲ್ಲಿ ನಾರು ಇತ್ತು. ಅವಳೇ ಮಾಡಿದ ನಾರು, ದಪ್ಪಗೆ, ಕಂದುಬಣ್ಣದ್ದು. ಕಟ್ಟುತ್ತಾಳೆ, ನಾಲ್ಕು ಬೆರಳು ಉದ್ದವಾಗುವಷ್ಟರಲ್ಲಿ ತುಂಡಾಗುತ್ತದೆ. ಮತ್ತೆ ಕಟ್ಟುತ್ತಾಳೆ, ಮತ್ತೆ ತುಂಡು. ಆ ಬೆರಳುಗಳು ಗಂಟಿನ ಮೇಲೆ ಗಂಟು ಹಾಕಿ ಸೋಲುತ್ತಿದ್ದವು. ನಾನು ಇಷ್ಟು ವರ್ಷ ಹೊಟ್ಟೆಕಿಚ್ಚುಪಟ್ಟ ಬೆರಳುಗಳು!

ನನಗೆ ಅವಳ ಮೇಲೆ ಕನಿಕರ ಬಂತೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬರಲಿಲ್ಲ. ನನಗೆ ಸಹಿಸಲಾಗದೇ ಹೋದದ್ದು ಆ ಮೊಗ್ಗು. ಕಿತ್ತ ಮೊಗ್ಗು ಕಟ್ಟದೆ ಬಿದ್ದಿರುವುದನ್ನು ನೋಡಿ ಸುಮ್ಮನೆ ನಿಲ್ಲುವುದು ನನ್ನ ಕೈಗೆ ಗೊತ್ತೇ ಇರಲಿಲ್ಲ. ಮನಸ್ಸು ಬೇಡ ಎನ್ನುತ್ತಿತ್ತು, ಕಾಲು ಕೋಣೆಗೆ ಹೋಗಿಯಾಗಿತ್ತು. ಪಟ್ಟೆ ನಾನು ಹಿಂದಿನ ಸಂಜೆಯೇ ನೀರು ಚಿಮುಕಿಸಿ ಸುತ್ತಿಟ್ಟಿದ್ದೆ. ಕೊಡಬಾರದೆಂದು ನಿಶ್ಚಯ ಮಾಡಿದ ಮೇಲೂ ಸುತ್ತಿಟ್ಟಿದ್ದೆ, ಅದು ಸಂಜೆಯ ಕೆಲಸವಲ್ಲವೇ! ಒದ್ದೆ ಬಟ್ಟೆಯ ಗಂಟನ್ನು ಬಗಲಲ್ಲಿ ಹಿಡಿದು, ಅವಳಿಗೂ ನನಗೂ ಶಾಪ ಹಾಕುತ್ತ, ಅವರ ಜಗಲಿ ಹತ್ತಿದೆ.

"ಸ್ವಲ್ಪ ಆಚೆಗೆ ಸರಿ," ಎಂದೆ. ಕೂತು ಸೀಳತೊಡಗಿದೆ. ನಾನು ಸೀಳಿ ಕೊಡುವುದು, ಅವಳು ಕಟ್ಟುವುದು. ಬೆರಳು ಹದಕ್ಕೆ ಬಂದು ಓಡಲು ಶುರುವಾದ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ.

"ಇದೆಂತ ನಾರು ಮಾರಾಯ್ತಿ? ಕರು ಕಟ್ಲಿಕ್ಕಾ? ಇಷ್ಟು ವರ್ಷದಲ್ಲಿ ಇದೊಂದು ಕಲಿಯಲಿಕ್ಕೆ ಆಗಲಿಲ್ವಾ ನಿನಗೆ?"

ಅವಳು ಕಟ್ಟುವುದನ್ನು ನಿಲ್ಲಿಸಿದಳು. ಮುಖ ಕೆಂಪಾಗಿತ್ತು. ಅವಳು ನಗದೇ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಕಲಿಯಲಿಕ್ಕೆ ಬಿಟ್ಟರಲ್ವಾ ಕಲಿಯುವುದು? ಬಂದ ಹೊಸತರಲ್ಲಿ ನಾನೂ ಮಾಡಿದ್ದೇನೆ. ಅತ್ತೆ ತೆಗೆದು ಒಲೆಗೆ ಹಾಕಿದ್ರು. ಇದು ನಾರಲ್ಲ, ಹೋಗಿ ಅವಳದ್ದು ತಕೊಂಡು ಬಾ ಅಂತ. ದಿನಾ ಅದೇ. ಕೇಳ್ಲಿಕ್ಕೆ ನಾಚಿಕೆ ಆಗಿ ಕಡೆಯ ಗಳಿಗೆವರೆಗೆ ಮುಂದೆ ಹಾಕ್ತಿದ್ದೆ. ನಿಮಗೆ ಗೊತ್ತುಂಟಾ ಅಕ್ಕ, ಆ ಪಾಗಾರದ ಹತ್ರ ಬಂದು ಕೂಗುವುದು ಅಂದ್ರೆ ನನಗೆ ಎಂತ ಆಗ್ತಿತ್ತು ಅಂತ?"

ನಾನು ಸೀಳಿದ ನಾರನ್ನು ಮುಂದೆ ಚಾಚಿದೆ, ಅವಳು ತೆಗೆದುಕೊಳ್ಳಲಿಲ್ಲ.

"ನನಗೆ ಸೋಮಾರಿತನ ಉಂಟು, ಇಲ್ಲ ಅಂತ ಹೇಳುವುದಿಲ್ಲ," ಎಂದಳು. "ಆದ್ರೆ ಬೆಳಿಗ್ಗೆಯಿಂದ ಸಂಜೆವರೆಗೆ ಅತ್ತೆಗೆ ನಿಮ್ಮದೇ ಮಾತು. ಅವಳ ಬಟ್ಟೆ ಒಣಗಿತು, ನಿನ್ನದು ಬಕೆಟಲ್ಲಿ. ಅವಳ ಗಿಡಕ್ಕೆ ಗೊಬ್ಬರ ಬಿತ್ತು, ನಿನ್ನದಕ್ಕೆ? ಮೆಟ್ಟಿಲಲ್ಲಿ ಕೂತು ಅವರು ಹೇಳುವುದು ಎಂತ ಅಂತ ಮಾಡಿದ್ರಿ? ನಿಮ್ಮ ಹೆಸರು ಕೇಳಿದ್ರೆ ನನ್ನ ಹೊಟ್ಟೆ ಉರಿಯುತ್ತದೆ!"

ಇಷ್ಟು ವರ್ಷ ನಾನು ಕಾದಿದ್ದ ಹೊಗಳಿಕೆ ಅಲ್ಲಿ ಚಾಪೆಯ ಮೇಲೆ ರಾಶಿ ಬಿದ್ದಿತ್ತು. ನಾನು ಕುಣಿಯಬೇಕಿತ್ತು. ಆದರೆ ನನ್ನ ತಲೆಯೊಳಗೆ ಬಂದ ಮೊದಲ ಯೋಚನೆ ಬೇರೆಯೇ. ಬೆಳಿಗ್ಗೆಯಿಂದ ಸಂಜೆವರೆಗೆ! ಅಷ್ಟು ಹೊತ್ತು ಅತ್ತೆ ಇವಳ ಬೆನ್ನ ಹಿಂದೆ ಇದ್ದರು. ಬಟ್ಟೆ ಒಣಗಲಿಲ್ಲ ಎಂದು ಬೈದರು, ಗೊಬ್ಬರ ಹಾಕಲಿಲ್ಲ ಎಂದು ಬೈದರು, ಪಕ್ಕದಲ್ಲಿ ಕೂರಿಸಿಕೊಂಡು ಬೈದರು. ನನ್ನ ಬಾಗಿಲಿಗೆ ಅವರು ಬಂದದ್ದು ಕೋಣೆ ನೋಡಿ ಹೋಗಲು ಮಾತ್ರ. ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡಿ ಮುಗಿಸಿದವಳ ಮನೆಯಲ್ಲಿ ಅವರಿಗೆ ಆಡಲು ಒಂದು ಮಾತನ್ನೂ ನಾನು ಉಳಿಸಿರಲಿಲ್ಲ. ಆ ಬೈಗುಳಕ್ಕೆ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ ಕಣ್ಣಲ್ಲಿ ನೀರು ಬಂತು.

"ನನ್ನನ್ನು ಅವರು ಒಂದು ದಿನವೂ ಬೈದಿಲ್ಲ," ಎಂದೆ.

"ಅದನ್ನೇ ನಾನು ಹೇಳುವುದು!" ಎಂದಳು ಅವಳು.

"ಅದನ್ನೇ ನಾನೂ ಹೇಳುವುದು," ಎಂದೆ.

ನನ್ನ ಮಾತು ಅವಳಿಗೆ ಅರ್ಥವಾಗಲಿಲ್ಲ ಎಂದು ಕಾಣುತ್ತದೆ. ಸೀರೆಯ ಸೆರಗಿನಿಂದ ನಾನು ಮೂಗು ಒರೆಸಿಕೊಳ್ಳುತ್ತಿದ್ದೆ, ಅವಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಅರ್ಧ ಕಟ್ಟಿದ ಹೂ ಅವಳ ಮಡಿಲಲ್ಲಿ ಬಿದ್ದಿತ್ತು. ಬಾಗಿಲಲ್ಲಿ ಹೊಸ ಸೀರೆಯ ಸರಬರ ಕೇಳಿದ್ದು ಆಗ.

ಅತ್ತೆ ಸ್ವರ ಏರಿಸಲಿಲ್ಲ. ಅವರ ಬೈಗುಳ ಮೆಲ್ಲಗೆ ಬರುತ್ತದೆ ಎಂದು ನನಗೆ ತಿಳಿದದ್ದೂ ಆ ದಿನವೇ.

"ವ್ಯಾನು ಬರುವ ಹೊತ್ತಾಯ್ತು. ಮದುಮಗಳು ತಲೆ ಬಿಚ್ಚಿಕೊಂಡು ಕೂತಿದ್ದಾಳೆ. ಇಲ್ಲಿ ಇಬ್ಬರೂ ಪಂಚಾತಿಕೆ ಮಾಡ್ತಾ ಕೂತಿದ್ದೀರಾ? ಇದೊಂದು ಸೋಮಾರಿ ಅಂತ ಇದ್ದೆ, ಈಗ ಎರಡಾಯ್ತು. ನಿನಗೇ ಹೇಳುವುದು, ದೊಡ್ಡವಳೇ! ಅಳುವುದು ನಾಳೆ ಅಳು. ಬಾಯಿ ಮುಚ್ಚಿ ನಾರು ಸೀಳು."

ನಾನು ತಲೆ ಬಗ್ಗಿಸಿದೆ. ಮುಖದಲ್ಲಿ ಏಳುತ್ತಿದ್ದ ನಗುವನ್ನು ಅತ್ತೆ ನೋಡಿಬಿಟ್ಟರೆ ಎಂದು ಹೆದರಿ ಉಗುರನ್ನು ಪಟ್ಟೆಗೆ ಇಳಿಸಿದೆ. ಸೋಮಾರಿ ಎಂದು ನನ್ನನ್ನು ಭೂಮಿಯ ಮೇಲೆ ಯಾರೂ ಕರೆದಿರಲಿಲ್ಲ. ಅತ್ತೆ ಕೂತು, ಒಂದು ನಾರನ್ನು ತೆಗೆದು ಬೆಳಕಿಗೆ ಹಿಡಿದು, ಕಿರಿಯವಳ ಕೈಗೆ ಕೊಟ್ಟರು. ಅವಳು ಕಟ್ಟಿದಳು. ನಾನು ಸೀಳಿದೆ. ಹೂ ಉದ್ದವಾಗುತ್ತ ಚಾಪೆಯ ಅಂಚಿಗೆ ಬಂತು.

ರಸ್ತೆಯಲ್ಲಿ ವ್ಯಾನಿನ ಹಾರ್ನ್ ಕೇಳಿದಾಗ ಕೊನೆಯ ಗಂಟು ಬಿದ್ದಿತ್ತು. ಅತ್ತೆ ಹೂವನ್ನು ಬಾಳೆಎಲೆಯಲ್ಲಿ ಸುತ್ತಿಕೊಂಡು ಎದ್ದರು. ಹೋಗುವಾಗ, "ಇನ್ನಾದರೂ ಮುಖ ತೊಳೆ" ಎಂದು ಕಿರಿಯವಳ ತಲೆಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ಒಂದು ಕುಟ್ಟಿದರು. ನನ್ನ ತಲೆಯೂ ಅಲ್ಲೇ ಪಕ್ಕದಲ್ಲಿತ್ತು.